ನಡುಮನೆಯ ಗಾರೆ ಗೋಡೆ

ನಿಮ್ಮ ಮನೆಯ ಗೋಡೆಯನ್ನು ನೀವು ಎಂದಾದರೂ ಅಂಗೈಯಿಂದ ಸವರಿ ನೋಡಿದ್ದೀರಾ? ನೆಲ ಒರೆಸುತ್ತೇವೆ, ಪಾತ್ರೆ ಬೆಳಗುತ್ತೇವೆ, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುತ್ತೇವೆ. ಗೋಡೆಯ ಕಡೆಗೆ ಮಾತ್ರ ನಮ್ಮ ಗಮನ ಹೋಗುವುದು ಹಬ್ಬಕ್ಕೆ ಸುಣ್ಣ ಬಳಿಸುವಾಗ, ಇಲ್ಲವೇ ಮಗು ಅದರ ಮೇಲೆ ಪೆನ್ಸಿಲ್ಲಿನಿಂದ ಗೀಚಿದಾಗ! ನಾನೂ ಹಾಗೇ ಇದ್ದೆ. ಗೋಡೆ ಅಂದರೆ ಗೋಡೆ, ಅದರಲ್ಲೇನಿದೆ ಎಂದುಕೊಂಡಿದ್ದವಳು. ಹಾಗೆ ಅಂದುಕೊಂಡೇ ಒಂದು ತಪ್ಪು ಮಾಡಿದೆ. ಅದನ್ನು ನಿಮ್ಮ ಮುಂದೆ ಹೇಳಿಕೊಂಡರೆ, ಹಳೆಯ ಮನೆಯಲ್ಲಿ ಸಂಸಾರ ಮಾಡುತ್ತಿರುವ ಯಾರಾದರೂ ಒಬ್ಬ ಸೋದರಿಗೆ ಉಪಯೋಗವಾದೀತು ಎಂದು ಈ ಬರಹ.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ಮನೆ ನಮ್ಮ ಮಾವನವರ ತಂದೆ ಕಟ್ಟಿಸಿದ್ದು. ಎರಡು ಅಡಿ ದಪ್ಪದ ಇಟ್ಟಿಗೆ ಗೋಡೆ, ಇಟ್ಟಿಗೆಯ ನಡುವೆ ಮಣ್ಣು, ಮೇಲೆ ಸುಣ್ಣದ ಗಾರೆ. ನಡುಮನೆಯ ಒಂದು ಗೋಡೆಗೆ ಮಾತ್ರ ಆಳೆತ್ತರದವರೆಗೆ ನುಣುಪು ಗಾರೆ ಮಾಡಿಸಿದ್ದರು. ೧೯೯೮ರಲ್ಲಿ ನಾನು ಸೇರಕ್ಕಿ ಒದ್ದು ಒಳಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಆ ಗೋಡೆ. ಕೆನೆಗಟ್ಟಿದ ಹಾಲಿನ ಬಣ್ಣ. ಆರತಿಯ ದೀಪ ಅದರೊಳಗೂ ಒಂದು ಉರಿಯುತ್ತಿತ್ತು. "ಇದೇನು ಅತ್ತೆ, ಗೋಡೆಗೆ ಕನ್ನಡಿ ಹಾಕಿಸಿದೀರಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದೆ.

ನಮ್ಮತ್ತೆ ಪ್ರತಿ ಹಬ್ಬದ ಹಿಂದಿನ ದಿನ ಒಂದು ಹಳೇ ಸೀರೆಯ ತುಂಡನ್ನು ನೀರಿನಲ್ಲಿ ಹಿಂಡಿ ಆ ಗೋಡೆಯನ್ನು ತಾವೇ ಒರೆಸುತ್ತಿದ್ದರು. "ನಾನು ಮಾಡ್ತೀನಿ ಬಿಡಿ" ಎಂದರೂ ಬಿಡುತ್ತಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ. ಅತ್ತೆಯರಿಗೆ ಅವರದೇ ಆದ ಮಡಿ, ಅವರದೇ ಆದ ಹಟ ಇರುತ್ತದಲ್ಲವೇ!

ನಾನು ಮಾಡಿದ ಜಾಣತನ

೨೦೨೨ರಲ್ಲಿ ಮಗಳ ಲಗ್ನ ನಿಶ್ಚಯವಾಯಿತು. ಬೀಗರು ಬೆಂಗಳೂರಿನವರು. ನಡುಮನೆಯ ಗೋಡೆಯ ಬುಡದಲ್ಲಿ ಒಂದು ಮೊಳದಷ್ಟು ಕಪ್ಪಾಗಿತ್ತು, ಎರಡು ಕಡೆ ಗಾರೆ ಬಿರುಕು ಬಿಟ್ಟಿತ್ತು. ಕರೆಸಿದ ಮೇಸ್ತ್ರಿ ಗೋಡೆಯನ್ನು ಬೆರಳಿನಿಂದ ತಟ್ಟಿ, "ಹಳೇ ಕಾಲದ ಗಾರೆ ಅಮ್ಮಾ, ಇದಕ್ಕೆ ಆಯಸ್ಸು ಮುಗೀತು. ಕೆತ್ತಿ ಹಾಕಿ ಸಿಮೆಂಟ್ ಪ್ಲಾಸ್ಟರ್ ಮಾಡಿ ಆಯಿಲ್ ಪೇಂಟ್ ಹೊಡೆದುಬಿಡೋಣ. ನಾಲ್ಕು ದಿನದ ಕೆಲಸ" ಎಂದ. ನಮ್ಮ ಮನೆಯವರು, "ಅಮ್ಮನ್ನ ಒಂದು ಮಾತು ಕೇಳು" ಎಂದರು. ಕೇಳಿದೆ. ಕೇಳುವ ಮೊದಲೇ ತೀರ್ಮಾನ ಮಾಡಿಯಾಗಿತ್ತು ಅನ್ನಿ. ಅತ್ತೆ ಗೋಡೆಯನ್ನು ಒಮ್ಮೆ ನೋಡಿ, "ನಿನ್ನಿಷ್ಟ ಕಣೇ" ಎಂದು ಒಳಗೆ ಹೋದರು.

ನಿಶ್ಚಿತಾರ್ಥದ ದಿನ ತಿಳಿ ಗುಲಾಬಿ ಬಣ್ಣದ ಗೋಡೆ ಬಲು ಚೆನ್ನಾಗಿ ಕಂಡಿತು. ಬೀಗಿತ್ತಿಯವರೂ ಹೊಗಳಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಮುಂದಿನ ಮಳೆಗಾಲ ಬಂತು. ಬಣ್ಣ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಗುಳ್ಳೆ ಎದ್ದಿತು. ಗುಳ್ಳೆ ಒಡೆದರೆ ಒಳಗೆ ಬಿಳಿ ಬಿಳಿ ಉಪ್ಪು. ಗೋಡೆಗೆ ಒತ್ತಿಕೊಂಡಿದ್ದ ಅತ್ತೆಯ ಮಂಚ ಸರಿಸಿದರೆ ಅದರ ಹಿಂದೆ ಕರಿ ಬೂಷ್ಟು. ಮೇಸ್ತ್ರಿಯನ್ನು ಮತ್ತೆ ಕರೆಸಿದೆವು. ಅವನು ನೀರು ತಡೆಯುವ ಔಷಧಿ ಬಳಿದು ಇನ್ನೊಂದು ಕೈ ಬಣ್ಣ ಹೊಡೆದ. ಎರಡನೇ ಮಳೆಗಾಲದಲ್ಲಿ ಮೊಳದೆತ್ತರ ಇದ್ದ ತೇವ ಎದೆಯೆತ್ತರಕ್ಕೆ ಏರಿತು!

ಅತ್ತೆಗೆ ಮೊದಲೇ ಉಬ್ಬಸ. ಆ ವರ್ಷ ರಾತ್ರಿಯೆಲ್ಲ ಕೂತೇ ಇರುವಂತಾಯಿತು. ಡಾಕ್ಟರು ಮನೆಗೇ ಬಂದು ನೋಡಿ, "ಔಷಧಿ ನಾನು ಕೊಡ್ತೀನಿ, ಆದರೆ ಈ ಬೂಷ್ಟಿನ ಪಕ್ಕ ಮಲಗಿಸಬೇಡಿ" ಎಂದರು. ಐವತ್ತೇಳು ವರ್ಷ ಮಲಗಿದ ಜಾಗದಿಂದ ಅವರ ಮಂಚವನ್ನು ಪಡಸಾಲೆಗೆ ಸಾಗಿಸಿದೆವು. ಅಂದು ನನ್ನ ಮುಖ ನನಗೇ ನೋಡಿಕೊಳ್ಳಲು ಆಗಲಿಲ್ಲ.

ಉಪ್ಪಿನಕಾಯಿ ಜಾಡಿಯ ಕಲ್ಲು

ಒಂದು ಸಂಜೆ ಅವರ ಪಕ್ಕ ಕೂತು, "ತಪ್ಪಾಯ್ತು ಅತ್ತೆ" ಎಂದೆ. ಅವರು ಬಯ್ಯಲಿಲ್ಲ. "ಆ ಮಾವಿನಕಾಯಿ ಜಾಡಿಯಲ್ಲಿ ಭಾರಕ್ಕೆ ಇಡ್ತೀಯಲ್ಲ ಕಲ್ಲು, ಅದು ಏನು ಅಂತ ಗೊತ್ತೇನೇ?" ಎಂದರು. ಕೋಳಿಮೊಟ್ಟೆಗಿಂತ ತುಸು ದೊಡ್ಡದಾದ, ನುಣ್ಣನೆಯ ಹೊಳೆಗಲ್ಲು ಅದು. ಇಪ್ಪತ್ತೈದು ವರ್ಷ ಉಪ್ಪುನೀರಿನಲ್ಲಿ ಮಾವಿನಕಾಯಿ ಮುಳುಗಿರಲಿ ಎಂದು ಅದನ್ನೇ ಇಡುತ್ತಾ ಬಂದಿದ್ದೆ.

"ಅದು ಆ ಗೋಡೆ ತಿಕ್ಕಿದ ಕಲ್ಲು. ನಾನು ಮದುವೆಯಾಗಿ ಬಂದ ಮಾರನೇ ವರ್ಷ ಗೋಡೆ ದುರಸ್ತಿ ಮಾಡಿಸಿದರು. ಕೊನೇ ದಿನ ಆಳುಗಳು ಸಾಲದೆ ಮನೆ ಹೆಂಗಸರೆಲ್ಲ ಕೂತು ತಿಕ್ಕಿದೆವು. ನನಗೆ ಆಗ ಇಪ್ಪತ್ತು. ನಮ್ಮತ್ತೆ ಯಾವತ್ತೂ ನನ್ನನ್ನ ಹೊಗಳಿದವರಲ್ಲ. ಅವತ್ತು ಮಾತ್ರ, 'ನಿನ್ನ ಕೈಗೆ ಹೊಳಪು ಬರುತ್ತೆ ಕಣೇ' ಅಂದಿದ್ದರು."

ನನಗೆ ಮಾತೇ ಹೊರಡಲಿಲ್ಲ. ನಾನು ಕೆತ್ತಿಸಿ ಹಾಕಿದ್ದು ಬರೀ ಗಾರೆಯಲ್ಲ, ಅವರ ಕೈಕೆಲಸ ಎಂದು ಆಗ ತಿಳಿಯಿತು.

ಸುಣ್ಣ ಮತ್ತೆ ಕಲ್ಲಾಗುವ ಬಗೆ

ನಮ್ಮ ಮೈದುನನ ಮಗ ಸಿವಿಲ್ ಇಂಜಿನಿಯರಿಂಗ್ ಓದಿದವನು. ರಜೆಗೆ ಬಂದಾಗ ಅವನನ್ನು ಹಿಡಿದು ಕೂರಿಸಿಕೊಂಡು ಕೇಳಿದೆ. ಹೈಸ್ಕೂಲು ಓದಿದ ನನಗೆ ಅರ್ಥವಾಗುವಂತೆ ಅವನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು ೯೦೦ ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಆಗ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಅನಿಲ ಹೊರಟುಹೋಗುತ್ತದೆ. ನೂರು ಕಿಲೋ ಶುದ್ಧ ಕಲ್ಲು ಸುಟ್ಟರೆ ಉಳಿಯುವುದು ೫೬ ಕಿಲೋ ಸುಟ್ಟ ಸುಣ್ಣ. ಅದನ್ನು ನೀರಿಗೆ ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ನಾವು ಎಲೆಗೆ ಹಚ್ಚಿಕೊಳ್ಳುವುದೂ ಈ ಅರಳಿದ ಸುಣ್ಣವೇ. ಇದನ್ನು ಗೋಡೆಗೆ ಮೆತ್ತಿದರೆ, ಹೋದ ಅನಿಲವನ್ನು ಅದು ಗಾಳಿಯಿಂದ ನಿಧಾನವಾಗಿ ಮತ್ತೆ ಎಳೆದುಕೊಂಡು ತಿರುಗಿ ಸುಣ್ಣದ ಕಲ್ಲೇ ಆಗುತ್ತದೆ. ಬೆಟ್ಟದಲ್ಲಿದ್ದ ಕಲ್ಲು ತವರು ಬಿಟ್ಟು ಬಂದು ನಮ್ಮ ಗೋಡೆಯಲ್ಲಿ ಮತ್ತೆ ಕಲ್ಲಾಗಿ ನೆಲೆ ನಿಲ್ಲುತ್ತದೆ ಅನ್ನಿ.

ಹೀಗೆ ಆದ ಕಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಮಣ್ಣು ಇಟ್ಟಿಗೆಯ ಹಳೇ ಗೋಡೆ ನೆಲದಿಂದ ತೇವವನ್ನು ಹೀರುತ್ತದೆ. ಗಾರೆಯಿದ್ದರೆ ಆ ತೇವ ಆವಿಯಾಗಿ ಹೊರಗೆ ಹೋಗಿಬಿಡುತ್ತದೆ. ಸಿಮೆಂಟು ಬಹಳ ಬಿಗಿ, ಆಯಿಲ್ ಪೇಂಟು ಅದರ ಬಾಯಿಗೆ ಬಟ್ಟೆ ತುರುಕಿದಂತೆ. ತೇವ ಹೋಗಲು ದಾರಿಯಿಲ್ಲದೆ ಒಳಗೊಳಗೇ ಮೇಲಕ್ಕೆ ಏರುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ.

"ಹಾಗಾದರೆ ಸಿಮೆಂಟು ಕೆಟ್ಟದ್ದೇನೋ?" ಎಂದೆ. "ಇಲ್ಲ ದೊಡ್ಡಮ್ಮ, ಕಾಂಕ್ರೀಟ್ ಮನೆಗೆ ಸಿಮೆಂಟು ಸರಿ. ಮಣ್ಣಿನ ಗೋಡೆಗೆ ಸುಣ್ಣ ಸರಿ. ಮೆತ್ತಗಿನ ಗೋಡೆಗೆ ಗಟ್ಟಿ ಹೊದಿಕೆ ಹಾಕಿದರೆ ಎರಡೂ ಹೊಂದಲ್ಲ" ಎಂದ. ಇನ್ನೊಂದು ಮಾತು ಹೇಳಿದ. ಮೊದಲು ಗೋಡೆಯ ಬುಡ ಕಪ್ಪಾದದ್ದಕ್ಕೆ ಗಾರೆ ಕಾರಣವೇ ಅಲ್ಲ! ಕೆಲವು ವರ್ಷದ ಹಿಂದೆ ಹೊರಗಿನ ಅಂಗಳಕ್ಕೆ ಸಿಮೆಂಟು ಹಾಕಿಸಿ ಎತ್ತರಿಸಿದ್ದೆವು. ಸೂರಿನ ನೀರು ಹರಿದುಹೋಗದೆ ಗೋಡೆಯ ಬುಡಕ್ಕೇ ಇಂಗುತ್ತಿತ್ತು. ಕಳ್ಳ ಹೊರಗಿದ್ದ, ಏಟು ತಿಂದದ್ದು ಒಳಗಿನ ಗಾರೆ.

ಎಲ್ಲೆಲ್ಲಿ ಇದೆ ಈ ಹೊಳಪು?

ಇದು ನಮ್ಮ ಮನೆಯ ವಿಶೇಷವೆಂದು ತಿಳಿಯಬೇಡಿ. ತಮಿಳುನಾಡಿನ ಚೆಟ್ಟಿನಾಡಿನ ದೊಡ್ಡ ಮನೆಗಳ ಗೋಡೆಗಳು ಇದಕ್ಕೆ ಹೆಸರುವಾಸಿ. ಅಲ್ಲಿ ಸುಣ್ಣಕ್ಕೆ ಚಿಪ್ಪಿನ ಪುಡಿ, ಮೊಟ್ಟೆಯ ಬಿಳಿ, ಅಳಲೆಕಾಯಿ ಸೇರಿಸಿ ಹಲವು ಪದರ ಹಚ್ಚಿ ತಿಕ್ಕುತ್ತಿದ್ದರು. ಮದರಾಸಿನ ಇಂಥ ಗೋಡೆಗಳನ್ನು ಕಂಡ ಹಿಂದಿನ ಕಾಲದ ಬಿಳಿಯರು ಅಮೃತಶಿಲೆಯೆಂದೇ ಮೋಸಹೋಗುತ್ತಿದ್ದರಂತೆ. ರಾಜಸ್ಥಾನದಲ್ಲಿ ಇದರ ಹೆಸರು ಅರಾಯಿಶ್. ಅಲ್ಲಿ ಸುಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸಿ ಅಗೇಟ್ ಎಂಬ ಗಟ್ಟಿ ಕಲ್ಲಿನಿಂದ ಉಜ್ಜುತ್ತಾರೆ. ದೂರದ ಮೊರಾಕ್ಕೋ ದೇಶದ ಮರ್ರಾಕೆಶ್ ಪಟ್ಟಣದಲ್ಲಿ ಸ್ನಾನದ ಮನೆಗಳಿಗೇ ಇದನ್ನು ಮಾಡುತ್ತಾರೆ. ಕಲ್ಲಿನಿಂದ ತಿಕ್ಕಿ, ಆಲಿವ್ ಎಣ್ಣೆಯ ಸಾಬೂನು ಹಚ್ಚುತ್ತಾರೆ. ಸಾಬೂನು ಸುಣ್ಣದೊಡನೆ ಕೂಡಿ ನೀರು ಒಳಗಿಳಿಯದಂತೆ ತಡೆಯುತ್ತದೆ. ಅದರ ಹೆಸರು ತದಲಕ್ತ್.

ನಮ್ಮ ಕರ್ನಾಟಕದಲ್ಲಿ ನೋಡಬೇಕಾದರೆ ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋದಾಗ ಗೋಡೆಯ ಕಾವಿ ಚಿತ್ರಗಳನ್ನು ಗಮನಿಸಿ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಹಚ್ಚಿ, ನುಣುಪು ಮಾಡಿ, ಹಸಿಯಿರುವಾಗಲೇ ಗೆರೆ ಕೆತ್ತಿ ಒಳಗಿನ ಬಿಳಿ ಕಾಣಿಸುವ ಕಲೆ ಅದು. ವಿಜಾಪುರದ ಗೋಲಗುಮ್ಮಟವನ್ನು ೧೬೫೬ರ ಹೊತ್ತಿಗೆ ಕಟ್ಟಿದ್ದೂ ಕಲ್ಲು ಮತ್ತು ಸುಣ್ಣದ ಗಾರೆಯಿಂದಲೇ. ಇಂದು ನಾವು ಬಳಸುವ ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು ೧೮೨೪ರಲ್ಲಿ. ಅದಕ್ಕೂ ಮುಂಚೆ ಲೋಕವೆಲ್ಲ ಮನೆ ಕಟ್ಟಿಕೊಂಡೇ ಇತ್ತಲ್ಲ!

ನಮ್ಮ ಗೋಡೆ ಮತ್ತೆ ಎದ್ದ ಬಗೆ

ಗಾರೆ ಬಲ್ಲವರು ಸುಲಭವಾಗಿ ಸಿಗಲಿಲ್ಲ. ಕೊನೆಗೆ ಹಳೇ ದೇವಸ್ಥಾನಗಳ ದುರಸ್ತಿಗೆ ಹೋಗುವ ಒಬ್ಬ ವೃದ್ಧ ಮೇಸ್ತ್ರಿ ಸಿಕ್ಕರು. ಎಪ್ಪತ್ತು ದಾಟಿದವರು. ಜೊತೆಗೆ ಅವರ ಸೊಸೆ, ಮೊಮ್ಮಗ. ಅವರು ಮೊದಲು ಕೇಳಿದ್ದು, "ಅಮ್ಮಾ, ನಿಮಗೆ ಅವಸರ ಇದೆಯಾ? ಇದ್ದರೆ ನಾನು ಬರಲ್ಲ."

ಮೊದಲು ಹೊರಗಿನ ಅಂಗಳದ ಸಿಮೆಂಟನ್ನು ಗೋಡೆಯ ಉದ್ದಕ್ಕೂ ಎರಡಡಿ ಒಡೆಸಿ, ನೀರು ಹೋಗಲು ಚರಂಡಿ ಮಾಡಿಸಿದೆವು. ಒಳಗಿನ ಸಿಮೆಂಟನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ, ಉಪ್ಪನ್ನು ಒಣ ಬ್ರಷ್ಷಿನಿಂದ ಉದುರಿಸಿ, ಬೇಸಿಗೆಯವರೆಗೆ ಹಾಗೇ ಒಣಗಲು ಬಿಟ್ಟೆವು. ೨೦೨೪ರ ಸಂಕ್ರಾಂತಿ ಕಳೆದ ಮೇಲೆ ಹಿತ್ತಲಿನ ಗುಂಡಿಯಲ್ಲಿ ಸುಣ್ಣ ಅರಳಿಸಿದರು. ಅದು ನೀರಿನೊಳಗೇ ಯುಗಾದಿಯವರೆಗೆ ಕೂತಿತ್ತು. ಉಪ್ಪಿನಕಾಯಿಯಂತೆ ಸುಣ್ಣವೂ ಹಳತಾದಷ್ಟೂ ಹದ. ಮೂರು ವರ್ಷವಾದರೂ ಆಗದ ಸುಣ್ಣವನ್ನು ಬಳಸಕೂಡದೆಂದು ಪ್ರಾಚೀನ ರೋಮಿನಲ್ಲಿ ಕಟ್ಟಳೆಯೇ ಇತ್ತೆಂದು ಪ್ಲೀನಿ ಎಂಬ ಪಂಡಿತ ಬರೆದಿಟ್ಟಿದ್ದಾನೆ.

ಒಂದು ಮಡಕೆಯಲ್ಲಿ ಜಜ್ಜಿದ ಅಳಲೆಕಾಯಿ, ಬೆಲ್ಲ, ನೀರು ಹಾಕಿ ಎರಡು ವಾರ ಕೊಳೆಸಿದರು. ವಾಸನೆಗೆ ಬೀದಿಯವರೆಲ್ಲ ಮೂಗು ಮುಚ್ಚಿಕೊಂಡರು! ಈ ನೀರು ಗಾರೆಗೆ ಅಂಟು ಕೊಡುತ್ತದೆ, ಹದವನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ.

ಗೋಡೆಗೆ ಚೆನ್ನಾಗಿ ನೀರು ಕುಡಿಸಿ ಮೂರು ಪದರ ಹಾಕಿದರು. ಮೊದಲನೆಯದು ಅರ್ಧ ಅಂಗುಲ ದಪ್ಪ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಮತ್ತು ಇಟ್ಟಿಗೆ ಪುಡಿ. ಇಟ್ಟಿಗೆ ಪುಡಿ ಸೇರಿದರೆ ತೇವದಲ್ಲೂ ಗಾರೆ ಗಟ್ಟಿಯಾಗುತ್ತದೆ. ಹತ್ತು ದಿನ ಬಿಟ್ಟು ಎರಡನೆಯದು, ಜರಡಿ ಹಿಡಿದ ಸಣ್ಣ ಮರಳಿನದು, ಮೊದಲನೆಯದರ ಅರ್ಧದಷ್ಟು ದಪ್ಪ. ನಡುವೆ ದಿನಕ್ಕೆರಡು ಸಲ ನೀರು ಚಿಮುಕಿಸಿ, ಒದ್ದೆ ಗೋಣಿತಾಟು ಇಳಿಬಿಡುವ ಕೆಲಸ ನನ್ನದು. ಫ್ಯಾನು ಹಾಕುವಂತಿಲ್ಲ. ಬೇಗ ಒಣಗಿದರೆ ಸುಣ್ಣ ಕಲ್ಲಾಗದೆ ಪುಡಿಯಾಗಿ ಉದುರುತ್ತದೆ.

ಕೊನೆಯದು ದೋಸೆಯಷ್ಟು ತೆಳು ಪದರ. ಸಮಪಾಲು ಹಳೇ ಸುಣ್ಣ ಮತ್ತು ವಸ್ತ್ರಗಾಳಿತ ಅಮೃತಶಿಲೆಯ ಪುಡಿ. ನಮ್ಮದು ಮೊಟ್ಟೆ ತಾರದ ಮನೆ. "ಮೊಟ್ಟೆ ಬೇಡಮ್ಮಾ, ಕೈ ಚೆನ್ನಾಗಿ ಓಡಿದರೆ ಸಾಕು" ಎಂದರು ಮೇಸ್ತ್ರಿ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬಾರದು, ಆದರೂ ತಣ್ಣಗಿರಬೇಕು. ಅದೇ ಹದ. ಆಗ ಮೊದಲು ಕರಣೆಯಿಂದ, ಆಮೇಲೆ ಕಲ್ಲಿನಿಂದ ತಿಕ್ಕಬೇಕು. ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದ ಕಡೆ ಕೂಡುಗೆರೆ ಉಳಿದುಬಿಡುತ್ತದೆ. ಹೋಳಿಗೆ ಮಾಡಲು ಕೂತರೆ ಹೇಗೆ ನಡುವೆ ಏಳುವುದಿಲ್ಲವೋ ಹಾಗೆ.

ಉಪ್ಪಿನಕಾಯಿ ಜಾಡಿಯಿಂದ ಕಲ್ಲು ಹೊರಬಂತು. ತೊಳೆದು ಕೈಗೆ ತೆಗೆದುಕೊಂಡೆ. ಮೇಸ್ತ್ರಿಯ ಸೊಸೆ ಒಂದು ಕಡೆ, ನಾನು ಒಂದು ಕಡೆ, ತವರಿಗೆ ಬಂದಿದ್ದ ಮಗಳು ಒಂದು ಕಡೆ. ಬೆಳಗ್ಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ತೋಳು ಬಿದ್ದುಹೋಗಿತ್ತು. ಮಾರನೇ ದಿನ ಕೊಬ್ಬರಿ ಎಣ್ಣೆಯ ಸಾಬೂನನ್ನು ನೀರಿನಲ್ಲಿ ಕದಡಿ ತೆಳ್ಳಗೆ ಸವರಿ ಮತ್ತೆ ಒಂದು ಸಲ ತಿಕ್ಕಿದೆವು.

ಅತ್ತೆ ಪಡಸಾಲೆಯಿಂದ ಕೋಲೂರಿಕೊಂಡು ಬಂದರು. ಅಂಗೈಯಿಟ್ಟು ಸವರಿದರು. ಹೊಗಳುತ್ತಾರೆಂದು ಕಾದೆ. "ಹಳೇದರಷ್ಟು ಬಂದಿಲ್ಲ. ಆ ಮೂಲೆ ಒರಟಾಗಿದೆ" ಎಂದರು. ನಿಜವೇ! ಆ ಮೂಲೆ ನಾನು ತಿಕ್ಕಿದ್ದು. ಆಮೇಲೆ, "ಇನ್ನೊಂದು ವರ್ಷ ಒರೆಸುತ್ತಾ ಹೋಗು, ಬರುತ್ತೆ" ಎಂದರು. ಎರಡು ವಾರ ಬಿಟ್ಟು ಮಂಚ ನಡುಮನೆಗೆ ಬಂತು. ಆ ಮಳೆಗಾಲ ಗೋಡೆಯಲ್ಲಿ ಬೂಷ್ಟು ಕಾಣಲಿಲ್ಲ. ಉಬ್ಬಸ ಹೋಯಿತೆಂದು ಸುಳ್ಳು ಹೇಳಲಾರೆ, ಆದರೆ ಅತ್ತೆ ರಾತ್ರಿ ಮಲಗುತ್ತಾರೆ.

ನೀವು ಮಾಡಿಸುವುದಾದರೆ

ಇದು ಎಲ್ಲರಿಗೂ ಆಗುವ ಕೆಲಸವೆಂದು ನಾನು ಹೇಳುವುದಿಲ್ಲ. ಸಾಮಾನಿಗಿಂತ ಕೂಲಿ ಹೆಚ್ಚು, ದಿನಗಳೂ ಹೆಚ್ಚು. ಆದರೆ ಹಳೇ ಗಾರೆ ಗೋಡೆಯಿದ್ದರೆ ಕೆತ್ತಿಸುವ ಮುನ್ನ ಇಷ್ಟನ್ನು ನೆನಪಿಡಿ.

ತೇವ ಕಂಡರೆ ಮೊದಲು ಅದರ ಮೂಲ ಹುಡುಕಿ. ಸೂರು, ಬಚ್ಚಲ ನೀರು, ಅಂಗಳದ ಎತ್ತರ ನೋಡಿ. ಮೂಲ ಸರಿಪಡಿಸದೆ ಯಾವ ಗಾರೆ ಹಾಕಿದರೂ ದಂಡ. ಬಿರುಕು ಬಿಟ್ಟ ಕಡೆಗೆ ಮಾತ್ರ ಸುಣ್ಣದ ಗಾರೆಯಿಂದಲೇ ತೇಪೆ ಹಾಕಿಸಿ, ಇಡೀ ಗೋಡೆ ಕೆತ್ತಿಸಬೇಡಿ.

ನುಣುಪು ಗಾರೆಯ ಮೇಲೆ ಆಯಿಲ್ ಪೇಂಟ್ ಬೇಡ. ಬಣ್ಣ ಬೇಕಾದರೆ ಕೊನೆಯ ಪದರಕ್ಕೇ ಕಾವಿ ಅಥವಾ ಹಳದಿ ಮಣ್ಣು ಬೆರೆಸಬಹುದು. ಅರಿಶಿನ ಹಾಕೀರಿ, ಜೋಕೆ! ಸುಣ್ಣ ಸೇರಿದರೆ ಅರಿಶಿನ ಕೆಂಪಾಗುವುದು ಆರತಿಯ ಓಕುಳಿ ಕದಡುವ ನಮಗೆ ಗೊತ್ತಿಲ್ಲದ್ದೇನಲ್ಲ.

ಒರೆಸಲು ಹಿಂಡಿದ ಮೆತ್ತನೆಯ ಬಟ್ಟೆ ಸಾಕು. ನಿಂಬೆರಸ, ಹುಣಸೆಹುಳಿ, ವಿನಿಗರ್, ಕಕ್ಕಸು ತೊಳೆಯುವ ಆಸಿಡ್ ಮುಟ್ಟಿಸಬೇಡಿ. ಹುಳಿ ಸುಣ್ಣವನ್ನು ತಿನ್ನುತ್ತದೆ. ಒಗ್ಗರಣೆ ಸಿಡಿಯುವ ಒಲೆಯ ಹಿಂದಿನ ಗೋಡೆಗೆ ಟೈಲ್ಸೇ ಒಳ್ಳೆಯದು. ಗಾರೆಗೆ ಎಣ್ಣೆಯ ಕಲೆ ಹಿಡಿದರೆ ಹೋಗುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯವಾದದ್ದು, ಸುಣ್ಣ ಅರಳಿಸುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ರಾಶಿಗೆ ನೀರು ಸುರಿಯಬಾರದು. ಸುರಿದರೆ ಸಿಡಿಯುತ್ತದೆ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲಿ. ಕಣ್ಣಿಗೆ ಸುಣ್ಣ ಬಿದ್ದರೆ ಉಜ್ಜದೆ, ಕೂಡಲೇ ಶುದ್ಧ ನೀರಿನಿಂದ ಕಾಲು ಗಂಟೆಗೂ ಹೆಚ್ಚು ಹೊತ್ತು ತೊಳೆದು ಆಸ್ಪತ್ರೆಗೆ ಓಡಿ. ಮನೆಮದ್ದಿಗೆ ಕೂರಬೇಡಿ.

ಕೊನೆಗೆ ಒಂದು ಮಾತು. ಮನೆಯ ಹಳೇ ವಸ್ತು ಯಾವುದನ್ನೇ ಆಗಲಿ ತೆಗೆದುಹಾಕುವ ಮುನ್ನ, ಮನೆಯ ಹಿರಿಯರನ್ನು ಒಮ್ಮೆ ಕೇಳಿ. ನಾನು ಕೇಳಿದಂತೆ ತೀರ್ಮಾನ ಮಾಡಿಕೊಂಡು ಕೇಳಬೇಡಿ. ಕೂತು ಕೇಳಿ. ಅವರು "ನಿನ್ನಿಷ್ಟ" ಎಂದರೆ, ಅದರಾಚೆ ಏನೋ ಇದೆಯೆಂದು ತಿಳಿಯಿರಿ.

ಈ ಸಲದ ಮಾವಿನಕಾಯಿ ಜಾಡಿಗೆ ಬೇರೆ ಕಲ್ಲು ಹಾಕಿದ್ದೇನೆ. ಆ ಕಲ್ಲು ಈಗ ದೇವರ ಗೂಡಿನ ಪಕ್ಕದ ಮಾಡದಲ್ಲಿದೆ. ಒರಟು ಮೂಲೆಯನ್ನು ಪ್ರತಿ ಹಬ್ಬದ ಹಿಂದಿನ ದಿನ ನಾನೇ ಒರೆಸುತ್ತೇನೆ.